ಪಾರ್ನಾಸಸ್ ಬೆಟ್ಟದ ಕಥೆಗಳು

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ‘ಪುರಾಣಕಥೆಗಳೆಲ್ಲ ಸುಳ್ಳಿನ ಕಂತೆ’ ಎಂಬ ವಿಷಯವಾಗಿ ಸ್ಪರ್ಧೆ ನಡೆದುದು ಹಲವು ಮಿತ್ರರಿಗೆ ನೆನಪಿರಬಹುದು. ಆ ದಿನ ವಿಷಯದ ಪರವಾಗಿ ವಾದಿಸಿದವನು ನಾನು. ನಮ್ಮ ನಾಡಿನ ಕಥೆಗಳನ್ನು ಎತ್ತಿಕೊಂಡರೆ ಸಭೆಯಲ್ಲಿ ಗದ್ದಲವೆದ್ದೀತೆಂದು ಅಂಜಿ, ಉಪಾಯವಾಗಿ ಗ್ರೀಕರ ಕಥೆಯೊಂದನ್ನು ಹಿಡಿದೆ. “ಜಲಪ್ರಳಯವಾಯಿತಂತೆ, ಗಂಡಹೆಂಡಿರಿಬ್ಬರು ಪೆಟ್ಟಿಗೆಯಲ್ಲಿ ಕುಳಿತು ತೇಲುತ್ತ ಒಂದು ಬೆಟ್ಟವನ್ನು ಸೇರಿದರಂತೆ, ಹೆಗಲ ಮೇಲಿಂದ ಹಿಂದಕ್ಕೆ ಕಲ್ಲುಗಳನ್ನು ಎಸೆದರಂತೆ, ಆ ಕಲ್ಲುಗಳೆಲ್ಲ ಮನುಷ್ಯರಾದುವಂತೆ! ಮಹನೀಯರೇ, ಕಲ್ಲು ಮನುಷ್ಯನಾದುದನ್ನು ನಾನು ಕಂಡಿಲ್ಲ, ಇಂಥ ಕಥೆಗಳನ್ನು ನಂಬಿ ಮನುಷ್ಯನೇ ಕಲ್ಲಾದುದನ್ನು ಮಾತ್ರ ಕಂಡಿದ್ದೇನೆ” ಎಂದೆ. ಸಭೆ ಚಪ್ಪಾಳೆ ತಟ್ಟಿತು. ಮೊದಲನೆಯ ಬಹುಮಾನ ನನಗೇ ಬಂದಿತು.

ಬಹುಮಾನದ ಪುಸ್ತಕವನ್ನು ಕೈಗಿಡುತ್ತ, ಅಂದಿನ ಅಧ್ಯಕ್ಷರಾಗಿದ್ದ ನಮ್ಮ ಇತಿಹಾಸದ ಮೇಷ್ಟರು ಮೆಲ್ಲನೆ ಕೇಳಿದರು: “ಚೆನ್ನಾಗಿ ಮಾತಾಡಿದೆಯಪ್ಪ. ಆ ಬೆಟ್ಟ ಯಾವುದು? ಎಲ್ಲಿದೆ?”

ನಾನು ತಬ್ಬಿಬ್ಬಾದೆ. “ಅದು ಕಥೆಯ ಬೆಟ್ಟ, ಸಾರ್” ಎಂದೆ.

“ಭೂಪಟ ನೋಡು” ಎಂದಷ್ಟೇ ಹೇಳಿ ಅವರು ಹೊರಟುಹೋದರು.

ಆ ಎರಡು ಮಾತು ನನ್ನನ್ನು ಒಂದು ವರ್ಷ ಬಿಡಲಿಲ್ಲ. ಭೂಪಟವನ್ನೂ ನೋಡಿದೆ, ಗ್ರಂಥಭಂಡಾರದಲ್ಲಿ ಸಿಕ್ಕ ಪುಸ್ತಕಗಳನ್ನೂ ಓದಿದೆ. ಈಗ ಅಂದು ಗೆದ್ದ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ತೋರಿದೆ. ಸಭೆಯಲ್ಲಿ ಆಡಿದ ಮಾತನ್ನು ಸಭೆಯ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳುವುದು ನ್ಯಾಯವಾದುದರಿಂದ ಈ ಲೇಖನ.

ಕಥೆಯ ಬೆಟ್ಟವೆಂದು ನಾನು ಹೇಳಿದುದು ಭೂಪಟದಲ್ಲಿದೆ. ಅದರ ಹೆಸರು ಪಾರ್ನಾಸಸ್. ಗ್ರೀಸಿನ ನಡುನಾಡಿನಲ್ಲಿ, ಕಾರಿಂತ್ ಕೊಲ್ಲಿಯ ಉತ್ತರಕ್ಕೆ ಅದು ನಿಂತಿದೆ. ಎತ್ತರ ೨,೪೫೭ ಮೀಟರ್, ಎಂದರೆ ಎಂಟು ಸಾವಿರ ಅಡಿಗೂ ಮಿಕ್ಕು. ಇಂಗ್ಲಿಷ್ ಗದ್ಯಪಾಠಗಳಲ್ಲಿ ‘ಪಾರ್ನಾಸಸ್’ ಎಂಬ ಮಾತನ್ನು ನಾನು ಕಂಡಿದ್ದೆ. ಅದು ಕವಿತ್ವಕ್ಕೆ ಇನ್ನೊಂದು ಹೆಸರೆಂದು ತಿಳಿದುಕೊಂಡಿದ್ದೆ. ಇದು ನನ್ನೊಬ್ಬನ ತಪ್ಪಲ್ಲ. ಕಾವ್ಯದೇವತೆಗಳಾದ ಮ್ಯೂಸರನ್ನು ಹಳೆಯ ಗ್ರೀಕ್ ಕವಿ ಹೀಸಿಯಡ್ ಪಕ್ಕದ ಹೆಲಿಕಾನ್ ಬೆಟ್ಟದಲ್ಲಿ ಕಂಡನು. ಅವರನ್ನು ಪಾರ್ನಾಸಸ್ಸಿನಲ್ಲಿ ನೆಲೆಯಾಗಿ ಕೂರಿಸಿದವರು ಬಹುಮಟ್ಟಿಗೆ ಮುಂದಿನ ರೋಮನ್ ಕವಿಗಳು. ಅಲ್ಲಿಂದ ಮುಂದೆ ಬೆಟ್ಟ ಬೆಟ್ಟವಾಗಿ ಉಳಿಯದೆ ಪುಸ್ತಕದ ಅಲಂಕಾರವಾಯಿತು. ಬೆಟ್ಟವನ್ನು ಕಳೆದುಕೊಂಡ ಕಥೆ ಸುಳ್ಳಿನಂತೆ ಕಾಣುವುದರಲ್ಲಿ ಆಶ್ಚರ್ಯವೇನು?

ಆದುದರಿಂದ ಮೊದಲು ಬೆಟ್ಟವನ್ನು ನೋಡೋಣ. ಪಾರ್ನಾಸಸ್ ಸುಣ್ಣಕಲ್ಲಿನ ಬೆಟ್ಟ. ಸುಣ್ಣಕಲ್ಲಿನ ಗುಣವೇನೆಂದರೆ, ಮೇಲೆ ಬಿದ್ದ ಮಳೆಯೂ ಕರಗಿದ ಹಿಮವೂ ಬಿರುಕುಗಳಲ್ಲಿ ಇಳಿದು ಕಣ್ಮರೆಯಾಗುತ್ತವೆ. ಬಹುದೂರ ಒಳಗೊಳಗೇ ಹರಿದು ಬುಡದಲ್ಲಿ ಒರತೆಗಳಾಗಿ ಹೊಮ್ಮುತ್ತವೆ. ಮೇಲೆ ಒಣಗಿದ ಬಂಡೆ, ಒಳಗೆ ಗುಹೆ, ಕೆಳಗೆ ತಣ್ಣೀರು. ಬೆಟ್ಟದ ತೆಂಕಣ ಓರೆಯಲ್ಲಿ ಫೀಡ್ರಿಯಡೀಸ್ ಎಂಬ ಎರಡು ಮಹಾಬಂಡೆಗಳು ಗೋಡೆಯಂತೆ ಎದ್ದಿವೆ. ‘ಹೊಳೆಯುವವು’ ಎಂದು ಆ ಹೆಸರಿನ ಅರ್ಥ. ಅವೆರಡರ ಸಂದಿನಿಂದ ಕಸ್ಟಾಲಿಯಾ ಎಂಬ ಒರತೆ ಬರುತ್ತದೆ. ಆ ಬಂಡೆಗಳ ಅಡಿಯಲ್ಲಿ, ಕಣಿವೆಯ ಮೇಲೆ ತೂಗುವಂತೆ ಡೆಲ್ಫಿ ಕ್ಷೇತ್ರವಿದೆ. ಕೆಳಗೆ ಪ್ಲೈಸ್ಟಸ್ ಹಳ್ಳದ ಕಮರಿ. ಅದರಾಚೆ ಕಡಲಿನವರೆಗೂ ಆಲಿವ್ ತೋಪು. ಭೂಮಿ ಅಲ್ಲಿ ಆಗಾಗ ನಡುಗುತ್ತದೆ. ಕ್ರಿ.ಪೂ. ೩೭೩ರಲ್ಲಿ ಅಪೊಲೊ ದೇವರ ಗುಡಿ ನೆಲಕ್ಕುರುಳಿತು. ಅದನ್ನು ಮತ್ತೆ ಕಟ್ಟಿ ಮುಗಿಸಲು ನಲವತ್ತು ವರ್ಷಗಳ ಕಾಲ ಹಿಡಿಯಿತು.

ಈಗ ನಾನು ನಗೆಯಾಡಿದ ಕಥೆಗೆ ಬರೋಣ. ಮನುಷ್ಯರ ದುಷ್ಟತನಕ್ಕೆ ರೋಸಿ ಜ್ಯೂಸ್ ದೇವನು ಲೋಕವನ್ನು ನೀರಿನಲ್ಲಿ ಮುಳುಗಿಸಿದನು. ಪ್ರೊಮಿಥ್ಯೂಸನ ಮಗನಾದ ಡ್ಯೂಕೇಲಿಯನ್, ಅವನ ಹೆಂಡತಿ ಪಿರ್ಹಾ, ಇವರಿಬ್ಬರೇ ಪೆಟ್ಟಿಗೆಯಲ್ಲಿ ಒಂಬತ್ತು ಹಗಲು ಒಂಬತ್ತು ಇರುಳು ತೇಲಿ ಪಾರ್ನಾಸಸ್ಸನ್ನು ಮುಟ್ಟಿದರು. ಬರಿದಾದ ಭೂಮಿಯನ್ನು ಕಂಡು ದುಃಖಿಸುತ್ತಿದ್ದ ಅವರಿಗೆ ಧರ್ಮದೇವತೆಯಾದ ಥೆಮಿಸ್, ತಾಯಿಯ ಎಲುಬುಗಳನ್ನು ಹಿಂದಕ್ಕೆ ಎಸೆಯುವಂತೆ ಅಪ್ಪಣೆ ಕೊಟ್ಟಳೆಂದು ರೋಮನ್ ಕವಿ ಓವಿಡ್ ಹೇಳುವನು. ತಾಯಿಯ ಎಲುಬನ್ನು ಎಸೆಯುವುದೆಂದರೇನು? ಪಿರ್ಹಾ ನಡುಗಿಹೋದಳು. ಯೋಚಿಸಿದ ಮೇಲೆ ಅರ್ಥವಾಯಿತು: ತಾಯಿ ಎಂದರೆ ಭೂಮಿ, ಎಲುಬು ಎಂದರೆ ಕಲ್ಲು. ಅವನು ಎಸೆದ ಕಲ್ಲು ಗಂಡಸರಾದುವು, ಅವಳು ಎಸೆದುವು ಹೆಂಗಸರಾದುವು. ಗ್ರೀಕ್ ಭಾಷೆಯಲ್ಲಿ ‘ಲಾಸ್’ ಎಂದರೆ ಕಲ್ಲು, ‘ಲಾವೊಸ್’ ಎಂದರೆ ಜನ. ಮಾತಿನ ಈ ಹೊಂದಿಕೆಯನ್ನು ಕ್ರಿ.ಪೂ. ಐದನೆಯ ಶತಮಾನದ ಪಿಂಡಾರ್ ಕವಿಯೇ ಬಳಸಿಕೊಂಡಿದ್ದಾನೆ.

ಸುಣ್ಣಕಲ್ಲು ಕಣ್ಣಿಗೆ ಹೊಡೆಯುವ ಆ ಇಳಿಜಾರಿನಲ್ಲಿ ನಿಂತ ಬಡ ರೈತನನ್ನು ನೆನೆದುಕೊಳ್ಳಿ. ಅವನ ಹೊಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ‘ನಾವು ಈ ಕಲ್ಲಿನಿಂದಲೇ ಹುಟ್ಟಿದವರು, ಆದುದರಿಂದಲೇ ದುಡಿಮೆಗೆ ಗಟ್ಟಿ’ ಎಂದು ಅವನು ಹೇಳಿಕೊಂಡರೆ ಅದು ಸುಳ್ಳೇ? ಭೂಮಿ ತಾಯಿ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಅದು ಸುಳ್ಳೆಂದು ಯಾರೂ ಚರ್ಚಾಕೂಟದಲ್ಲಿ ಬಹುಮಾನ ಗೆದ್ದಿಲ್ಲ. ನಮ್ಮ ಮನುವಿನ ದೋಣಿಯೂ ಉತ್ತರದ ಗಿರಿಶಿಖರಕ್ಕೆ ಕಟ್ಟಲ್ಪಟ್ಟಿತೆಂದು ಶತಪಥ ಬ್ರಾಹ್ಮಣವೂ ಮಹಾಭಾರತವೂ ಹೇಳುತ್ತವೆ. ಹೋಲಿಕೆಯನ್ನು ಕಂಡೊಡನೆ ‘ಅವರು ನಮ್ಮಿಂದ ಕದ್ದರು’, ‘ನಾವು ಅವರಿಂದ ಪಡೆದೆವು’ ಎಂದು ಹೊಡೆದಾಡುವುದು ವ್ಯರ್ಥ. ಗ್ರೀಕರಲ್ಲಿಯೇ ಒಂದೊಂದು ಪ್ರಾಂತದವರು ಡ್ಯೂಕೇಲಿಯನನ ಪೆಟ್ಟಿಗೆ ನಿಂತುದು ತಮ್ಮ ಬೆಟ್ಟದ ಮೇಲೆ ಎನ್ನುತ್ತಿದ್ದರು. ಎಲ್ಲರಿಗೂ ಬೇಕಾದುದು ಒಂದೇ: ಎಲ್ಲವೂ ಮುಳುಗಿದಾಗ ಮುಳುಗದೆ ನಿಲ್ಲುವ ಒಂದು ನೆಲ, ಅದೂ ತಮ್ಮ ಮನೆಯ ಬಾಗಿಲಿನಿಂದ ಕಾಣುವಂಥದು.

ಡೆಲ್ಫಿಯ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಭೂಮಿಯ ನಡು ಎಲ್ಲಿದೆ ಎಂದು ತಿಳಿಯಲು ಜ್ಯೂಸ್ ದೇವನು ಎರಡು ಹದ್ದುಗಳನ್ನು ಲೋಕದ ಎರಡು ಕೊನೆಗಳಿಂದ ಹಾರಿಬಿಟ್ಟನು. ಅವು ಕೂಡಿದ ಸ್ಥಳ ಡೆಲ್ಫಿ. ಆ ಗುರುತಿಗಾಗಿ ಅಲ್ಲಿ ಒಂದು ಕಲ್ಲನ್ನು ಇಟ್ಟು ‘ಹೊಕ್ಕುಳು’ ಎಂದು ಕರೆದರು. ಅಲ್ಲಿನ ಒರತೆಯ ಬಳಿ ಒಂದು ಘೋರಸರ್ಪವಿತ್ತು; ಅಪೊಲೊ ಅದನ್ನು ಬಾಣದಿಂದ ಕೊಂದು ಕ್ಷೇತ್ರವನ್ನು ತನ್ನದಾಗಿ ಮಾಡಿಕೊಂಡನು. ಇಲ್ಲಿಗೇ ಕಥೆ ಮುಗಿದಿದ್ದರೆ ಗೆದ್ದವನ ಜಂಬವೆಂದು ತಳ್ಳಿಬಿಡಬಹುದಿತ್ತು. ಮುಗಿಯುವುದಿಲ್ಲ. ಕೊಂದ ಪಾಪಕ್ಕಾಗಿ ದೇವರೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಉತ್ತರದ ಟೆಂಪಿ ಕಣಿವೆಗೆ ಹೋಗಿ ಶುದ್ಧನಾಗಿ ಬರಬೇಕಾಯಿತು. ಡೆಲ್ಫಿಯವರು ಈ ಪ್ರಾಯಶ್ಚಿತ್ತವನ್ನು ಎಂಟು ವರ್ಷಕ್ಕೊಮ್ಮೆ ಉತ್ಸವವಾಗಿ ಆಡಿ ತೋರಿಸುತ್ತಿದ್ದರು. ಇದಕ್ಕೆ ಇನ್ನೊಂದು ಪಾಠವೂ ಉಂಟು. ಕ್ರಿ.ಪೂ. ೪೫೮ರಲ್ಲಿ ಆಡಿದ ತನ್ನ ನಾಟಕದ ಆರಂಭದಲ್ಲಿ ಈಸ್ಕಿಲಸ್, ಆ ಪೀಠವು ಭೂಮಿತಾಯಿಯಿಂದ ಥೆಮಿಸ್‌ಗೆ, ಅವಳಿಂದ ಫೀಬಿಗೆ, ಅವಳಿಂದ ಅಪೊಲೊಗೆ ಶಾಂತವಾಗಿ, ಕಾಣಿಕೆಯಾಗಿ ಬಂದಿತೆಂದು ಹೇಳಿಸಿದ್ದಾನೆ. ಕೊಂದು ಪಡೆದುದೋ, ಕೊಟ್ಟುದನ್ನು ಪಡೆದುದೋ? ಎರಡನ್ನೂ ಗ್ರೀಕರು ಉಳಿಸಿಕೊಂಡರು. ಸುಳ್ಳು ಹೇಳುವವನು ಒಂದೇ ಕಥೆಯನ್ನು ಬಿಗಿಯಾಗಿ ಹಿಡಿಯುತ್ತಾನೆ. ಇವರು ಹಾಗೆ ಮಾಡಲಿಲ್ಲ. ತಮ್ಮ ದೇವರ ಅಧಿಕಾರದ ಮೂಲವನ್ನೇ ಪ್ರಶ್ನೆಯಾಗಿ ಬಿಟ್ಟರು.

ಹೋಮರನ ಹೆಸರಿನಲ್ಲಿ ಬಂದಿರುವ ಅಪೊಲೊ ಸ್ತುತಿಯ ಕೊನೆಯ ಭಾಗವನ್ನು ಓದಿದಾಗ ನನ್ನ ಹಳೆಯ ವಾದಕ್ಕೆ ಮೊದಲನೆಯ ಪೆಟ್ಟು ಬಿದ್ದಿತು. ಅಪೊಲೊ ಡಾಲ್ಫಿನ್ನಿನ ರೂಪದಿಂದ ಕಡಲಿಗಿಳಿದು, ಕ್ರೀಟ್ ದ್ವೀಪದ ವರ್ತಕರ ಹಡಗನ್ನು ಬೆಟ್ಟದ ಕೆಳಗಿನ ರೇವಿಗೆ ತಂದು, ‘ನೀವೇ ನನ್ನ ಅರ್ಚಕರು’ ಎಂದು ಅವರನ್ನು ಮೇಲಕ್ಕೆ ಕರೆದೊಯ್ಯುತ್ತಾನೆ. ಅವರು ಆ ಬಂಡೆಗಳನ್ನು ನೋಡಿ ಗಾಬರಿಯಾಗಿ ಕೇಳುತ್ತಾರೆ: ಸ್ವಾಮಿ, ಇಲ್ಲಿ ದ್ರಾಕ್ಷಿ ಬೆಳೆಯದು, ಹುಲ್ಲುಗಾವಲಿಲ್ಲ, ನಾವು ಹೊಟ್ಟೆಗೆ ಏನು ಮಾಡುವುದು? ದೇವರು ನಗುತ್ತಾನೆ. ಚಿಂತೆ ಬೇಡ, ಒಬ್ಬೊಬ್ಬರೂ ಕೈಯಲ್ಲಿ ಕತ್ತಿ ಹಿಡಿದು ಕುಳಿತರೆ ಸಾಕು, ಭಕ್ತರು ತರುವ ಕುರಿಗಳನ್ನು ಕಡಿಯುವುದರಲ್ಲೇ ಹೊತ್ತು ಹೋಗುವುದೆನ್ನುತ್ತಾನೆ. ಆಮೇಲೆ ಧ್ವನಿ ಬದಲಾಗುತ್ತದೆ: ನೀವು ಸೊಕ್ಕಿದರೆ, ಮಾತು ತಪ್ಪಿದರೆ, ನಿಮ್ಮ ಮೇಲೆ ಬೇರೆ ಒಡೆಯರು ಬರುವರು.

ಎಂಥ ಮಾತು! ಆ ನೆಲದಲ್ಲಿ ಏನೂ ಬೆಳೆಯದೆಂಬ ಭೂಗೋಳದ ಸತ್ಯ, ಯಾತ್ರಿಕರಿಂದಲೇ ಅದರ ಜೀವನವೆಂಬ ಅರ್ಥಶಾಸ್ತ್ರದ ಸತ್ಯ, ಅರ್ಚಕರು ಕೊಬ್ಬಬಹುದೆಂಬ ಮನುಷ್ಯಸ್ವಭಾವದ ಸತ್ಯ, ಮೂರನ್ನೂ ಒಂದು ದೇವರ ಕಥೆ ಒಟ್ಟಿಗೆ ಹೇಳಿಬಿಟ್ಟಿದೆ. ಅರ್ಚಕರು ಜನರನ್ನು ಮೋಸಗೊಳಿಸಲು ಪುರಾಣಗಳನ್ನು ಹೆಣೆದರೆಂದು ನಾನು ಸಭೆಯಲ್ಲಿ ಗುಡುಗಿದ್ದೆ. ಮೋಸಗೊಳಿಸಲೆಂದೇ ಹೆಣೆದ ಕಥೆಯಲ್ಲಿ ಅರ್ಚಕರಿಗೇ ಎಚ್ಚರಿಕೆಯ ಮಾತು ಹೇಗೆ ಬಂದಿತು?

ಡೆಲ್ಫಿಯ ಗುಡಿಯ ಮುಂದೆ ‘ನಿನ್ನನ್ನು ನೀನು ತಿಳಿ’, ‘ಯಾವುದೂ ಅತಿಯಾಗದಿರಲಿ’ ಎಂಬ ಎರಡು ಬುದ್ಧಿವಾದಗಳಿದ್ದುವು. ಒಂದು ರೀತಿಯಲ್ಲಿ ಆ ಬೆಟ್ಟದ ಕಥೆಗಳೆಲ್ಲ ಈ ಎರಡು ಮಾತಿನ ವ್ಯಾಖ್ಯಾನಗಳು. ಪಾರಸಿಕರ ಮೇಲೆ ದಂಡೆತ್ತಿದರೆ ಮಹಾರಾಜ್ಯವೊಂದು ನಾಶವಾಗುವುದೆಂಬ ಉತ್ತರವನ್ನು ಕೇಳಿ ಲಿಡಿಯಾದ ದೊರೆ ಕ್ರೀಸಸ್ ಹಿಗ್ಗಿದನು, ಯಾರ ರಾಜ್ಯವೆಂದು ಕೇಳಲಿಲ್ಲ, ತನ್ನದನ್ನೇ ಕಳೆದುಕೊಂಡನು. ಲಂಕೇಶರ ‘ದೊರೆ ಈಡಿಪಸ್’ ಓದಿದವರಿಗೆ ಆ ಮೂರು ದಾರಿ ಕೂಡುವ ಸ್ಥಳ ಮರೆಯದು. ತಂದೆಯೆಂದು ತಿಳಿಯದೆ ಮಗ ತಂದೆಯನ್ನು ಕೊಂದ ಆ ಕವಲು ಡೆಲ್ಫಿಯಿಂದ ಕೆಳಗಿಳಿಯುವ ದಾರಿಯಲ್ಲಿಯೇ ಇದೆ. ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಅಲ್ಲಿ ಆ ತಂದೆಯ ಸಮಾಧಿಯೆಂದು ತೋರಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಡಿಸ್ಯೂಸನ ತೊಡೆಯ ಗಾಯ ಈ ಬೆಟ್ಟದ ಕಾಡುಹಂದಿಯಿಂದ ಆದುದು. ಇಪ್ಪತ್ತು ವರ್ಷದ ಮೇಲೆ ವೇಷ ಮರೆಸಿ ಮನೆಗೆ ಬಂದ ಅವನ ಕಾಲು ತೊಳೆಯುತ್ತ ಮುದಿ ದಾದಿ ಅವನನ್ನು ಗುರುತಿಸಿದುದು ಆ ಕಲೆಯಿಂದಲೇ. ದೇವತೆಗಳ ವಾಸಸ್ಥಾನವಾದ ಒಲಿಂಪಸ್ಸನ್ನು ಜನ ದೂರದಿಂದ ಕೈಮುಗಿದು ನೋಡಿದರು. ಪಾರ್ನಾಸಸ್ಸಾದರೋ ಮನುಷ್ಯರು ಹೋಗಿ, ಕೇಳಿ, ಬೇಟೆಯಾಡಿ, ತಪ್ಪಿ, ತಮ್ಮ ಅಳತೆಯನ್ನು ತಾವು ಕಂಡುಕೊಂಡ ಬೆಟ್ಟ.

ಇನ್ನು, ಪುರಾಣವೆಲ್ಲ ಮರೆಮಾಚಿದ ವಿಜ್ಞಾನವೆಂದು ವಾದಿಸುವ ಇನ್ನೊಂದು ಪಂಗಡವಿದೆ. ಅಂದು ನನ್ನ ಎದುರಾಳಿ ಹಿಡಿದಿದ್ದು ಇದೇ ಹಾದಿ. ಅವರಿಗೂ ಪಾರ್ನಾಸಸ್ ಒಳ್ಳೆಯ ಪಾಠ ಹೇಳುತ್ತದೆ. ಡೆಲ್ಫಿಯ ದೈವಜ್ಞೆಯಾದ ಪಿಥಿಯಾ ಭೂಮಿಯ ಬಿರುಕಿನಿಂದೇಳುವ ಆವಿಯಿಂದ ಆವೇಶಗೊಳ್ಳುತ್ತಿದ್ದಳೆಂದು ಪ್ರಾಚೀನರು ಹೇಳಿದರು. ೧೮೯೨ರಲ್ಲಿ ಫ್ರೆಂಚ್ ವಿದ್ವಾಂಸರು ಗುಡಿಯ ಮೇಲೆ ಬೆಳೆದಿದ್ದ ಹಳ್ಳಿಯನ್ನೇ ಬೇರೆಡೆಗೆ ಸಾಗಿಸಿ ಉತ್ಖನನ ಆರಂಭಿಸಿದಾಗ ಅಂಥ ದೊಡ್ಡ ಬಿರುಕು ಕಾಣಲಿಲ್ಲ. ಕಥೆ ಸುಳ್ಳೆಂದು ಬಹುಮಂದಿ ತೀರ್ಮಾನಿಸಿದರು. ಸುಮಾರು ನೂರು ವರ್ಷಗಳ ಮೇಲೆ, ೨೦೦೧ರಲ್ಲಿ ಭೂವಿಜ್ಞಾನಿ ಡಿ ಬೋರ್ ಮತ್ತು ಅವರ ಸಂಗಡಿಗರು, ಗುಡಿಯ ಅಡಿಯಲ್ಲಿ ಭೂಸ್ತರದ ಎರಡು ಬಿರುಕುಗಳು ಒಂದನ್ನೊಂದು ದಾಟುವುವೆಂದೂ ಅಲ್ಲಿನ ಒರತೆಯ ನೀರಿನಲ್ಲಿ ಎಥಿಲೀನ್ ಅನಿಲದ ಸುಳಿವಿದೆಯೆಂದೂ ಪ್ರಕಟಿಸಿದರು. ಎಥಿಲೀನ್ ಮನುಷ್ಯನಿಗೆ ಅಮಲೇರಿಸಬಲ್ಲುದು. ಬೇರೆ ವಿದ್ವಾಂಸರು ಅಷ್ಟು ಅನಿಲ ಸಾಲದೆಂದು ಆಕ್ಷೇಪಿಸಿದ್ದಾರೆ; ವಾದ ಮುಗಿದಿಲ್ಲ. ಮುಗಿದರೂ ಏನಾದೀತು? ಅನಿಲವಿತ್ತೆಂದು ಸಿದ್ಧವಾದರೆ ಆ ಹೆಂಗಸಿಗೆ ತಲೆ ತಿರುಗಿತೆಂದು ತಿಳಿಯಬಹುದು. ಸುಮಾರು ಸಾವಿರ ವರ್ಷ ದೊರೆಗಳೂ ಪಟ್ಟಣಗಳೂ ತಮ್ಮ ದರ್ಪವನ್ನು ಕೆಳಗಿಟ್ಟು ಆ ಕಡಿದಾದ ದಾರಿಯನ್ನು ಏಕೆ ಹತ್ತಿಬಂದರೆಂಬುದನ್ನು ಎಥಿಲೀನ್ ಹೇಳಲಾರದು.

ಕ್ರಿ.ಪೂ. ೪೮೦ರ ಘಟನೆಯನ್ನೇ ನೋಡಿ. ಪಾರಸಿಕ ಚಕ್ರವರ್ತಿ ಕ್ಸರ್ಕ್ಸೀಸ್ ಗ್ರೀಸಿನ ಮೇಲೆ ನುಗ್ಗಿದ ವರ್ಷವದು. ಈಸ್ಕಿಲಸನ ನಾಟಕವನ್ನು ಆಚಾರ್ಯ ಶ್ರೀಕಂಠಯ್ಯನವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದುದರಿಂದ ಆ ದಂಡಯಾತ್ರೆಯ ಸೋಲು ಕನ್ನಡಿಗರಿಗೆ ಪರಿಚಿತವೇ. ಸೈನ್ಯದ ಒಂದು ಭಾಗ ಡೆಲ್ಫಿಯ ಸಂಪತ್ತನ್ನು ದೋಚಲು ಹೊರಟಿತೆಂದು ಹೆರೊಡೋಟಸ್ ಬರೆಯುತ್ತಾನೆ. ಊರಿನವರು ಬೆಟ್ಟ ಹತ್ತಿದರು. ತಮ್ಮ ಸಾಮಾನುಗಳನ್ನು ಕೋರಿಕಿಯನ್ ಗುಹೆಗೆ ಹೊತ್ತೊಯ್ದರು. ಅರವತ್ತು ಮಂದಿ ಮಾತ್ರ ದೈವಜ್ಞನೊಡನೆ ಉಳಿದರು. ಶತ್ರುಗಳು ಸಮೀಪಿಸಿದಾಗ ಸಿಡಿಲು ಹೊಡೆಯಿತು. ಪಾರ್ನಾಸಸ್ಸಿನಿಂದ ಎರಡು ಹೆಬ್ಬಂಡೆಗಳು ಕಿತ್ತು ಉರುಳಿ ಬಹುಮಂದಿಯನ್ನು ಅರೆದುವು. ಆ ಬಂಡೆಗಳು ತನ್ನ ಕಾಲದಲ್ಲಿಯೂ ಅಥೀನಾ ದೇವಿಯ ಗುಡಿಯ ಆವರಣದಲ್ಲಿ ಬಿದ್ದಿದ್ದುವೆಂದು ಅವನ ಸಾಕ್ಷಿ. ದಾಳಿ ನಡೆದುದೇ ಸಂಶಯವೆಂದು ಅನೇಕ ಇತಿಹಾಸಕಾರರ ಮತ. ಆದರೆ ೧೯೦೫ರಲ್ಲಿ ಅದೇ ಬೆಟ್ಟದಿಂದ ಬಂಡೆಗಳು ಉರುಳಿ ಅದೇ ಅಥೀನಾ ಗುಡಿಯ ಹಲವು ಕಂಬಗಳನ್ನು ಕೆಡವಿದುವು. ಆಗ ಯಾವ ಪಾರಸಿಕನೂ ಅಲ್ಲಿರಲಿಲ್ಲ. ಬೆಟ್ಟಕ್ಕೆ ಭಕ್ತನೂ ಒಂದೇ, ಕಳ್ಳನೂ ಒಂದೇ. ಬಂಡೆ ಬೀಳುವ ಕಾಲಕ್ಕೆ ಬೀಳುತ್ತದೆ. ಹಾಗಾದರೆ ಆ ಕ್ಷೇತ್ರವನ್ನು ಕಾದದ್ದು ಯಾವುದು?

ಈ ಪ್ರಶ್ನೆಗೆ ಉತ್ತರವನ್ನು ನನಗೆ ಕೊಟ್ಟವನು ಪ್ಲೂಟಾರ್ಕ್. ಅವನು ಬರಿಯ ಗ್ರಂಥಕರ್ತನಲ್ಲ, ಕ್ರಿ.ಶ. ಒಂದು-ಎರಡನೆಯ ಶತಮಾನದಲ್ಲಿ ಡೆಲ್ಫಿಯ ಅರ್ಚಕನಾಗಿದ್ದವನು. ಚಳಿಗಾಲದ ಮೂರು ತಿಂಗಳು ಅಪೊಲೊ ಉತ್ತರದೇಶಕ್ಕೆ ಹೋಗುವನೆಂದೂ ಆಗ ಬೆಟ್ಟ ಡಯೊನೈಸಸ್ ದೇವರಿಗೆ ಸೇರುವುದೆಂದೂ ಅಲ್ಲಿನ ನಂಬಿಕೆ. ಮಿತಿಯ ದೇವರು ಹೋಗಿ ಉನ್ಮಾದದ ದೇವರು ಬರುತ್ತಾನೆ. ಥೈಯಾಡರೆಂಬ ಹೆಂಗಸರು ಅಥೆನ್ಸಿನಿಂದಲೂ ಡೆಲ್ಫಿಯಿಂದಲೂ ಕೂಡಿ, ಪಂಜು ಹಿಡಿದು, ರಾತ್ರಿಯಲ್ಲಿ ಕೋರಿಕಿಯನ್ ಗುಹೆಯನ್ನೂ ದಾಟಿ ಹಿಮದ ನೆತ್ತಿಗೆ ಹತ್ತುತ್ತಿದ್ದರು. ಆ ಗುಹೆಯನ್ನು ೧೯೭೦ರ ಸುಮಾರಿಗೆ ಅಗೆದಾಗ ಕುರಿಮೇಕೆಗಳ ಕಾಲಿನ ಗಿಣ್ಣುಮೂಳೆಗಳು ೨೦,೦೦೦ಕ್ಕೂ ಮಿಕ್ಕಿ ಸಿಕ್ಕಿದುವು. ದಾಳಗಳಂತೆ ಉರುಳಿಸಲೂ ಹರಕೆಯಾಗಿ ಒಪ್ಪಿಸಲೂ ಬಡವರು ತಂದಿಟ್ಟ ಕಾಣಿಕೆಗಳವು. ಒಮ್ಮೆ ಥೈಯಾಡರು ಬೆಟ್ಟದ ಮೇಲೆ ಹಿಮಗಾಳಿಗೆ ಸಿಕ್ಕಿಕೊಂಡಾಗ ಅವರನ್ನು ಕಾಪಾಡಲು ಹೋದವರ ಮೇಲಂಗಿಗಳು ಮರದ ಹಲಗೆಯಂತೆ ಬಿರುಸಾಗಿ, ಬಿಡಿಸಲು ಹೋದರೆ ಮುರಿದುವೆಂದು ಪ್ಲೂಟಾರ್ಕ್ ಹೇಳುತ್ತಾನೆ. ಕಥೆಯ ಬೆಟ್ಟವೆಂದು ನಾನು ಉಡಾಫೆಯಿಂದ ಹೇಳಿದ ಆ ಬೆಟ್ಟದ ಚಳಿ ಈ ವಾಕ್ಯವನ್ನು ಓದಿದಾಗ ನನ್ನ ಮೈಯನ್ನು ಹೊಕ್ಕಿತು.

ಅವನೇ ಹೇಳುವ ಇನ್ನೊಂದು ಸಂಗತಿ ಹೀಗಿದೆ. ಕ್ರಿ.ಪೂ. ೩೫೬ರಲ್ಲಿ ಫೋಕಿಸ್ ನಾಡಿನವರು ಡೆಲ್ಫಿಯನ್ನು ವಶಪಡಿಸಿಕೊಂಡರು. ದೇವರಿಗೆ ಮೀಸಲಾದ ಬಯಲನ್ನು ಉತ್ತರೆಂದು ಅವರಿಗೆ ದಂಡ ವಿಧಿಸಿದ್ದೇ ಜಗಳದ ಮೂಲ. ಹತ್ತು ವರ್ಷದ ಆ ಯುದ್ಧದಲ್ಲಿ ಅವರು ದೇವರ ಒಡವೆಗಳನ್ನು ಕರಗಿಸಿ ಕೂಲಿಸೈನಿಕರಿಗೆ ಸಂಬಳ ಕೊಟ್ಟರು. ಆ ದಿನಗಳಲ್ಲಿ ಒಂದು ರಾತ್ರಿ ಥೈಯಾಡರು ಬೆಟ್ಟದಲ್ಲಿ ದಾರಿ ತಪ್ಪಿ, ಮೈಮರೆತು ಅಲೆಯುತ್ತ, ಎಲ್ಲಿರುವೆವೆಂಬುದೂ ತಿಳಿಯದೆ ಪಕ್ಕದ ಆಂಫಿಸ್ಸಾ ಪಟ್ಟಣಕ್ಕೆ ಬಂದುಬಿಟ್ಟರು. ಬಳಲಿ ಪೇಟೆಯ ಬಯಲಿನಲ್ಲಿ ಅಲ್ಲಲ್ಲೇ ಬಿದ್ದು ನಿದ್ದೆಹೋದರು. ಆಂಫಿಸ್ಸಾ ಆಗ ಫೋಕಿಸಿನವರ ಕಡೆ ಸೇರಿತ್ತು. ಊರು ತುಂಬ ಸೈನಿಕರು. ಇದನ್ನು ಕಂಡ ಆ ಊರಿನ ಗೃಹಿಣಿಯರು ಮನೆಗಳಿಂದ ಓಡಿಬಂದರು. ಮಲಗಿದ್ದವರನ್ನು ಎಬ್ಬಿಸಲಿಲ್ಲ, ಮಾತಾಡಲಿಲ್ಲ. ಅವರ ಸುತ್ತ ಮೌನವಾಗಿ ಕೋಟೆಯಂತೆ ನಿಂತರು. ಅವರು ತಾವಾಗಿ ಎದ್ದ ಮೇಲೆ ಉಪಚರಿಸಿ, ಊಟ ಕೊಟ್ಟು, ತಮ್ಮ ಗಂಡಂದಿರ ಒಪ್ಪಿಗೆ ಪಡೆದು, ಗಡಿಯವರೆಗೂ ಜತೆಯಲ್ಲಿ ಹೋಗಿ ಕಳುಹಿಸಿಕೊಟ್ಟರು. ಪ್ಲೂಟಾರ್ಕ್ ಈ ಕಥೆಯಿರುವ ಗ್ರಂಥವನ್ನು ಅರ್ಪಿಸಿದುದು ಕ್ಲೇಯ ಎಂಬ ಗೆಳತಿಗೆ. ಅವಳು ಸ್ವತಃ ಥೈಯಾಡರ ಮುಖಂಡಳು.

ಮಿತ್ರರೇ, ಈ ಹೆಂಗಸರು ಯಾವ ಬಂಡೆಯನ್ನೂ ಉರುಳಿಸಲಿಲ್ಲ, ಸಿಡಿಲನ್ನು ಕರೆಯಲಿಲ್ಲ. ಶತ್ರುಪಕ್ಷದ ಊರಿನವರಾಗಿಯೂ, ಬೆಟ್ಟದಿಂದ ಇಳಿದುಬಂದವರು ಮುಟ್ಟಬಾರದವರೆಂಬ ಒಂದು ಕಥೆಯನ್ನು ಅವರು ನಂಬಿದ್ದರು; ಆ ನಂಬಿಕೆಗೆ ತಮ್ಮ ದೇಹವನ್ನೇ ಬೇಲಿಯಾಗಿ ನಿಲ್ಲಿಸಿದರು. ನನ್ನ ಅಭಿಪ್ರಾಯವೂ ಇಷ್ಟೇ. ಪವಿತ್ರ ಬೆಟ್ಟದ ಪುರಾಣವೆಂಬುದು ಒಂದು ಜನ ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ: ಇಲ್ಲಿ ಉಳಬಾರದು, ಇಲ್ಲಿ ದೋಚಬಾರದು, ಇಲ್ಲಿಗೆ ಬಂದವನನ್ನು ಹೊಡೆಯಬಾರದು. ಅಪ್ಪನಿಂದ ಮಗನಿಗೆ ಈ ಒಪ್ಪಂದವನ್ನು ದಾಟಿಸಲು ಕಥೆಯಷ್ಟು ಗಟ್ಟಿಯಾದ ಓಲೆ ಬೇರೊಂದಿಲ್ಲ. ಒಪ್ಪಂದವನ್ನು ಸತ್ಯವೇ ಸುಳ್ಳೇ ಎಂದು ಕೇಳುವುದು ತಪ್ಪು ಪ್ರಶ್ನೆ. ನಡೆಸಿದರೇ ಮುರಿದರೇ ಎಂದು ಕೇಳಬೇಕು.

ಇದಕ್ಕೆ ಪ್ರಬಲವಾದ ಆಕ್ಷೇಪಣೆಯೊಂದುಂಟು. ಅದನ್ನು ಮುಚ್ಚಿಟ್ಟರೆ ಮತ್ತೆ ಚರ್ಚಾಕೂಟದ ಜಾಣತನಕ್ಕೇ ಮರಳಿದಂತಾಗುವುದು. ಅದೇ ಪವಿತ್ರತೆಯ ಹೆಸರಿನಲ್ಲಿಯೇ ಯುದ್ಧಗಳೂ ನಡೆದುವಲ್ಲವೇ? ನಡೆದುವು. ಕ್ರಿ.ಪೂ. ೩೪೬ರಲ್ಲಿ ಮ್ಯಾಸಿಡೋನಿಯದ ಫಿಲಿಪ್ ದೊರೆ ದೇವರ ಕಡೆಯವನೆನಿಸಿಕೊಂಡು ಫೋಕಿಸನ್ನು ಮುರಿದನು. ಅಲ್ಲಿನವರು ವರ್ಷಕ್ಕೆ ೬೦ ಟ್ಯಾಲೆಂಟ್‌ನಂತೆ ದೇವರ ಹಣವನ್ನು ಹಿಂದಕ್ಕೆ ಕಟ್ಟಬೇಕಾಯಿತು. ಕೆಲವೇ ವರ್ಷಗಳಲ್ಲಿ, ಮೀಸಲು ಬಯಲನ್ನು ಉತ್ತರೆಂಬ ಅದೇ ಆರೋಪ ಆಂಫಿಸ್ಸಾದವರ ಮೇಲೆ ಬಂದಿತು. ಅದನ್ನೇ ನೆಪಮಾಡಿಕೊಂಡು ಕೆಳಗಿಳಿದ ಫಿಲಿಪ್, ಕ್ರಿ.ಪೂ. ೩೩೮ರಲ್ಲಿ ಕೀರೋನಿಯದ ಕಾಳಗದಲ್ಲಿ ಅಥೆನ್ಸ್ ಮತ್ತು ಥೀಬ್ಸ್ ಪಟ್ಟಣಗಳ ಸ್ವಾತಂತ್ರ್ಯವನ್ನು ಮಣ್ಣುಗೂಡಿಸಿದನು. ಮಲಗಿದವರ ಸುತ್ತ ನಿಂತ ತಾಯಂದಿರ ಊರನ್ನೇ ಧರ್ಮದ್ರೋಹಿಗಳ ಊರೆಂದು ಸಾರಿದರು! ಒಂದೇ ಕಥೆಯನ್ನು ದೊರೆ ಕತ್ತಿಯಾಗಿ ಹಿಡಿದನು, ಆ ಗೃಹಿಣಿಯರು ಬೇಲಿಯಾಗಿ ಹಿಡಿದರು. ಕತ್ತಿ ಹಿಡಿದವನ ತಪ್ಪಿಗಾಗಿ ಕಥೆಯನ್ನು ಸುಡಬೇಕೆಂದು ನಾನು ಕಳೆದ ವರ್ಷ ವಾದಿಸಿದೆ. ಸುಟ್ಟರೆ ಕತ್ತಿಗೇನೂ ಆಗದು, ದೊರೆಗೆ ಬೇರೆ ನೆಪ ಸಿಕ್ಕುತ್ತದೆ, ಸುಟ್ಟುಹೋಗುವುದು ಬೇಲಿ.

ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಪಿಥಿಯಾಳ ಧ್ವನಿ ಅಡಗಿತು. ಹೊಸ ಮತ ಬಂದು ಹಳೆಯ ಗುಡಿಗಳು ಮುಚ್ಚಿದುವು. ಬೆಟ್ಟ ಅಲ್ಲಿಯೇ ಇದೆ. ೧೯೩೮ರಲ್ಲಿ ಗ್ರೀಕ್ ಸರ್ಕಾರ ಒಲಿಂಪಸ್ಸಿನಂತೆ ಪಾರ್ನಾಸಸ್ಸಿನ ಒಂದು ಭಾಗವನ್ನೂ ರಾಷ್ಟ್ರೀಯ ಉದ್ಯಾನವೆಂದು ಸಾರಿತು. ೧೯೭೬ರಿಂದ ಅಲ್ಲಿ ಹಿಮದ ಮೇಲೆ ಜಾರುವ ಆಟದ ಕೇಂದ್ರವೂ ಇದೆ. ೧೯೮೭ರಲ್ಲಿ ಡೆಲ್ಫಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದೇ ಪಾರ್ನಾಸಸ್ ಮತ್ತು ಪಕ್ಕದ ಗ್ಯೋನಾ ಬೆಟ್ಟಸಾಲು ಅಲ್ಯುಮಿನಿಯಮ್ಮಿನ ಅದಿರಾದ ಬಾಕ್ಸೈಟಿಗೂ ಹೆಸರಾದುದು. ಸುಣ್ಣಕಲ್ಲಿನ ಪದರಗಳ ನಡುವಣ ಆ ಕೆಂಪು ಅದಿರನ್ನು ಇಪ್ಪತ್ತನೆಯ ಶತಮಾನದಿಂದ ಅಗೆಯುತ್ತ ಬಂದಿದ್ದಾರೆ. ೧೯೮೦ರ ದಶಕದಲ್ಲಿ ಡೆಲ್ಫಿಯ ನೆರೆಯಲ್ಲಿ ಆ ಅದಿರನ್ನು ಶುದ್ಧಿಮಾಡುವ ಕಾರ್ಖಾನೆಯೊಂದನ್ನು ಕಟ್ಟುವ ಪ್ರಸ್ತಾಪ ಬಂದಾಗ ದೊಡ್ಡ ವಿರೋಧವೆದ್ದಿತು. ಕಾರ್ಖಾನೆ ಅಲ್ಲಿ ಏಳಲಿಲ್ಲ. ವಿರೋಧಿಸಿದವರಲ್ಲಿ ಅಪೊಲೊನನ್ನು ಪೂಜಿಸುವವರು ಯಾರಿದ್ದರು? ದೇವರು ಹೋದ ಮೇಲೂ ಕಥೆ ಕೆಲಸ ಮಾಡಿತು. ಕಬ್ಬಿಣ, ಅಲ್ಯುಮಿನಿಯಮ್ ಯಾವುದೂ ಬೇಡವೆಂದು ನಾನು ಹೇಳುತ್ತಿಲ್ಲ. ಈ ಲೇಖನವನ್ನು ಅಚ್ಚು ಹಾಕುವ ಯಂತ್ರವೂ ಯಾವುದೋ ಬೆಟ್ಟದಿಂದ ಬಂದುದೇ. ಎಲ್ಲಿ ಅಗೆಯಬೇಕು, ಎಲ್ಲಿ ಕೈ ತಡೆಯಬೇಕು ಎಂಬ ವಿವೇಕ ಲೆಕ್ಕದ ಪುಸ್ತಕದಿಂದ ಮಾತ್ರ ಬಾರದು ಎಂದಷ್ಟೇ ನನ್ನ ಮಾತು. ಲೆಕ್ಕದ ಪುಸ್ತಕಕ್ಕೆ ಎಲ್ಲ ಬೆಟ್ಟಗಳೂ ಒಂದೇ.

ಆದುದರಿಂದ ನನ್ನ ವಾದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಪುರಾಣವನ್ನು ಪರೀಕ್ಷೆಗಾಗಿ ದೇವತೆಗಳ ಪಟ್ಟಿಯಂತೆ ಬಾಯಿಪಾಠ ಮಾಡುವವರಿಗೂ, ನನ್ನಂತೆ ಕಲ್ಲೆಸೆದು ನಗುವವರಿಗೂ, ಎಲ್ಲದರಲ್ಲಿಯೂ ವಿಮಾನ ಅಣುಬಾಂಬುಗಳನ್ನು ಹುಡುಕುವವರಿಗೂ ನನ್ನದೊಂದು ವಿನಂತಿ: ಕಥೆಯನ್ನು ಓದುವ ಮೊದಲು ಅದರ ನೆಲವನ್ನು ನೋಡಿರಿ, ಅಲ್ಲಿ ನೀರೆಲ್ಲಿ, ಕಲ್ಲೆಂಥದು, ಹಿಮ ಯಾವಾಗ ಬೀಳುವುದು, ಜನ ಹೊಟ್ಟೆಗೆ ಏನು ಮಾಡುವರು ಎಂದು ಕೇಳಿರಿ. ಆಮೇಲೆ ಆ ಕಥೆ ಯಾರ ಕೈಯನ್ನು ತಡೆಯಿತು, ಯಾರನ್ನು ಕಾಯಿತು ಎಂದು ಕೇಳಿರಿ. ತೂಕಮಾಡಲು ಆ ತಕ್ಕಡಿ ಸಾಕು.

ಬಹುಮಾನದ ಪುಸ್ತಕವನ್ನು ಹಿಂದಿರುಗಿಸಲು ಮೊನ್ನೆ ಮೇಷ್ಟರ ಮನೆಗೆ ಹೋಗಿದ್ದೆ. ಅವರು ಪುಸ್ತಕವನ್ನು ತಿರುಗಿಸಿ ನೋಡಿ, “ಇರಲಿ, ಇಟ್ಟುಕೊ. ಈಗ ಹೇಳು, ಆ ಬೆಟ್ಟ ಎಲ್ಲಿದೆ?” ಎಂದರು. ಈ ಸಲ ನಾನು ತಡವರಿಸಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಅವರ ಮನೆಯಾಕೆ ತಂದಿಟ್ಟ ಕಾಫಿ ಆರಿ ತಣ್ಣಗಾಗಿತ್ತು.